ಮೂವತ್ತನಾಲ್ಕು ಮೆಟ್ಟಿಲಿನ ಮನೆ

ವಿಲ್ಫ್ ಹಿಂಚ್ಲಿಫ್ ಮೂವತ್ತೊಂದು ವರ್ಷ ಇಂಗ್ಲೆಂಡಿನ ಹಡರ್ಸ್‌ಫೀಲ್ಡ್ ಪಟ್ಟಣದಲ್ಲಿ ಬಸ್ಸು ಓಡಿಸಿದವನು. ಒಳ್ಳೆಯವನು, ಕುಡುಕನಲ್ಲ, ಕೈಹಿಡಿದವಳ ಮೇಲೆ ಒಮ್ಮೆಯೂ ಕೈ ಎತ್ತಿದವನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಇಲ್ಲಿ ಸ್ಪೇನಿನ ನಮ್ಮ ಬೀದಿಯಲ್ಲಿ ಈಗಲೂ ಕೆಲವರು ಅವನನ್ನು ಕಲ್ಲುಮನಸ್ಸಿನವನು ಅನ್ನುತ್ತಾರೆ. ಅವರಿಗೆ ಅವನು ಗೊತ್ತಿಲ್ಲ.

ನಾನು ಅವನನ್ನೂ ಅವನ ಹೆಂಡತಿ ಮ್ಯೂರಿಯಲ್‌ಳನ್ನೂ ಮೊದಲು ನೋಡಿದ್ದು ಒಂದು ಬಿಳಿ ವ್ಯಾನಿನಲ್ಲಿ, ಎರಡು ಸಾವಿರದ ಎರಡನೇ ಇಸವಿ ಫೆಬ್ರವರಿಯಲ್ಲಿ. ಮನೆ ಮಾರುವ ಕಂಪನಿಯವರು ನಮ್ಮಂಥವರನ್ನು ಇಂಗ್ಲೆಂಡಿನಿಂದ ನಾಲ್ಕು ದಿನದ ಮಟ್ಟಿಗೆ ಸ್ಪೇನಿನ ಈ ಕರಾವಳಿಗೆ ಕರೆತರುತ್ತಿದ್ದರು. ವಿಮಾನ, ಹೋಟೆಲು, ಊಟ ಎಲ್ಲ ಅವರದೇ. ನನ್ನ ಗಂಡ ತೀರಿಕೊಂಡು ವರ್ಷವಾಗಿತ್ತು. ಹಲ್ ಊರಿನ ಶಾಲೆಯ ಅಡುಗೆಮನೆ ಕೆಲಸದಿಂದ ನಾನೂ ನಿವೃತ್ತಳಾಗಿದ್ದೆ. ಹೆಸರು ಡಾಟ್. ವ್ಯಾನಿನಲ್ಲಿ ಒಂಟಿಯಾಗಿ ಬಂದವಳು ನಾನೊಬ್ಬಳೇ, ಹಾಗಾಗಿ ಮ್ಯೂರಿಯಲ್ ಪಕ್ಕ ಕೂತೆ.

ನಮ್ಮನ್ನು ಸುತ್ತಿಸುತ್ತಿದ್ದವನು ಗ್ಯಾರಿ ಅನ್ನುವ ದಲ್ಲಾಳಿ. ಒಂದು ನಿಮಿಷವೂ ನಮ್ಮನ್ನು ನಮ್ಮ ಪಾಡಿಗೆ ಬಿಡಲಿಲ್ಲ. ಕಾಫಿಗೂ ಜೊತೆ, ಪಾಯೆಯ್ಯಾ ಅನ್ನಕ್ಕೂ ಜೊತೆ.

"ಶೌಚಾಲಯಕ್ಕೂ ಬರ್ತಾನಾ ನೋಡು," ಅಂದಳು ಮ್ಯೂರಿಯಲ್ ನನ್ನ ಕಿವಿಯಲ್ಲಿ. ಅಲ್ಲಿಂದಲೇ ನಮ್ಮ ಸ್ನೇಹ.

ಮೂರನೆಯ ದಿನ ತೊರ್ರೆವಿಯೆಹಾ ಊರಿನ ದಕ್ಷಿಣಕ್ಕೆ, ಆಗಿನ್ನೂ ಅರ್ಧ ಕಟ್ಟಿದ್ದ ಬಡಾವಣೆಯಲ್ಲಿ ಎರಡು ಬಗೆಯ ಮನೆ ತೋರಿಸಿದ. ಒಂದು ನೆಲಮಟ್ಟದ್ದು: ಎರಡು ಕೋಣೆ, ಮುಂದೆ ಪುಟ್ಟ ಅಂಗಳ, ಅಂಗಳದಲ್ಲಿ ನಿಂಬೆಗಿಡ. ಇನ್ನೊಂದು ಸಾಲುಮನೆ: ಅಕ್ಕಪಕ್ಕದ ಮನೆಗೆ ಗೋಡೆ ಅಂಟಿಸಿಕೊಂಡು ನಿಂತ, ಒಂದರ ಮೇಲೊಂದು ಮೂರು ಹಂತದ್ದು. ಕೆಳಗೆ ಅಡುಗೆಮನೆ ಮತ್ತು ಕೂರುವ ಕೋಣೆ, ಮೇಲೆ ಮಲಗುವ ಕೋಣೆಗಳು, ಎಲ್ಲಕ್ಕಿಂತ ಮೇಲೆ ತಾರಸಿ.

ಮ್ಯೂರಿಯಲ್ ನಿಂಬೆಗಿಡದ ಬಳಿ ನಿಂತು ಎಲೆ ಹಿಸುಕಿ ಮೂಸಿದಳು. "ಇದು ಸಾಕು ಕಣೋ ವಿಲ್ಫ್. ಇದೇ ಚೆನ್ನಾಗಿದೆ," ಅಂದಳು.

ವಿಲ್ಫ್ ಆಗಲೇ ರಸ್ತೆಯಾಚೆಯ ಸಾಲುಮನೆಯ ತಾರಸಿ ಹತ್ತಿ ಆಗಿತ್ತು. ಮೇಲಿನಿಂದ ಕೂಗಿದ: "ಲೇ, ಬಾರೇ ಇಲ್ಲಿ! ಸಮುದ್ರ ಕಾಣುತ್ತೆ!"

ಅವಳು ಒಂದೊಂದೇ ಮೆಟ್ಟಿಲು ಹತ್ತಿದಳು. ಶಾಲಾಮಕ್ಕಳ ಕೋಣೆ ಗುಡಿಸಿ ಒರೆಸಿ ಆಗಲೇ ಮೊಣಕಾಲು ಸವೆಸಿಕೊಂಡಿದ್ದ ಹೆಂಗಸು. ಮೇಲೆ ಬಂದಾಗ ಏದುಸಿರು. ದೂರದಲ್ಲಿ ಕಟ್ಟಡಗಳ ನಡುವೆ ಹೆಬ್ಬೆರಳಿನಷ್ಟು ಅಗಲ ನೀಲಿ ಇತ್ತು, ನಿಜ.

"ಮೂವತ್ತನಾಲ್ಕು ಮೆಟ್ಟಿಲು," ಅಂದಳು.

"ಜೀವನಪೂರ್ತಿ ಗಾಜಿನ ಹಿಂದೆ ಕೂತು ಮಳೆ ನೋಡಿದೀನಿ ಕಣೇ. ಇನ್ನು ಮೇಲೆ ಬಿಸಿಲಲ್ಲಿ, ಮೇಲೆ ಕೂರ್ತೀನಿ. ಮೆಟ್ಟಿಲು ಹತ್ತಿದ್ರೆ ಕಾಲಿಗೂ ಒಳ್ಳೇದು, ಅಲ್ವೇನ್ರೀ ಗ್ಯಾರಿ?"

"ನೂರಕ್ಕೆ ನೂರು ಸಾರ್," ಅಂದ ಗ್ಯಾರಿ. ಅವನು ಇನ್ನೇನಂದಾನು?

ಅಂದು ಸಂಜೆಯೇ ವಿಲ್ಫ್ ಸಹಿ ಹಾಕಿದ. ಮಾರನೆ ದಿನ ಆ ನಿಂಬೆಗಿಡದ ಮನೆಗೆ ನಾನು ಸಹಿ ಹಾಕಿದೆ. ವಿಮಾನ ನಿಲ್ದಾಣದಲ್ಲಿ ಮ್ಯೂರಿಯಲ್ ನನ್ನ ತೋಳು ಹಿಡಿದು ನಕ್ಕಳು: "ನನ್ನ ಮನೆ ಹೊಡ್ಕೊಂಡೆ ಬಿಡು. ಆಗಾಗ ಬಂದು ಕೂರೋಕಾದ್ರೂ ಬಿಡ್ತೀಯಾ?"

ಬಿಟ್ಟೆ. ಒಂಬತ್ತು ವರ್ಷ ದಿನಾ ಬೆಳಿಗ್ಗೆ ಅವಳು ರಸ್ತೆ ದಾಟಿ ಬಂದು ನನ್ನ ಅಂಗಳದಲ್ಲಿ ಕೂರುತ್ತಿದ್ದಳು. ಬಟಾಣಿ ಸುಲಿಯುವುದು, ತಂಗಿ ಎನಿಡ್‌ಗೆ ಕಾಗದ ಬರೆಯುವುದು, ಸ್ಪ್ಯಾನಿಷ್ ಪಾಠದ ಪುಸ್ತಕ ಹಿಡಿದು ನನ್ನ ಉಚ್ಚಾರಣೆಗೆ ನಗುವುದು. ಅವಳು ಬೇಗ ಕಲಿತಳು. ಮೀನಂಗಡಿಯ ರೆಮೆದಿಯೋಸ್ ಅವಳಿಗೆ ಮಾತ್ರ ತಾಜಾ ಸಾರ್ಡೀನು ಎತ್ತಿಡುತ್ತಿದ್ದಳು.

ವಿಲ್ಫ್ ಮಾತ್ರ ತಾರಸಿಯವನಾದ. ಬೆಳಿಗ್ಗೆ ಒಂಬತ್ತಕ್ಕೆ ಹತ್ತಿದರೆ ಮಧ್ಯಾಹ್ನದ ಊಟಕ್ಕೆ ಇಳಿಯುವುದು. ಕೊಡೆ, ಒರಗು ಕುರ್ಚಿ, ರೇಡಿಯೋ, ಕುಂಡದಲ್ಲಿ ಟೊಮೆಟೊ. ಮೊದಲ ಎರಡು ವರ್ಷ ಭಾನುವಾರ ಮ್ಯೂರಿಯಲ್ಲೂ ಹತ್ತುತ್ತಿದ್ದಳು. ಆಮೇಲೆ ಹಬ್ಬಕ್ಕೊಮ್ಮೆ. ಆಮೇಲೆ ಅದೂ ನಿಂತಿತು. ಮಲಗುವ ಕೋಣೆಗೆ ಹತ್ತುವುದೇ ಅವಳಿಗೆ ದಿನದ ದೊಡ್ಡ ಕೆಲಸವಾಯಿತು.

ಅವನಿಗೆ ಚಿಂತೆ ಇರಲಿಲ್ಲ ಅಂತಲ್ಲ. ಹಿತ್ತಿಲ ಕಡೆ ರಾಟೆ ಕಟ್ಟಿ ಬುಟ್ಟಿ ಇಳಿಬಿಟ್ಟ, ಚಹಾ ಮೇಲೆ ಕಳಿಸಲು. ಹಳೆಯ ಬಸ್ಸಿನದೊಂದು ಗಂಟೆ ತಂದು ತಾರಸಿಯಲ್ಲಿ ತೂಗುಹಾಕಿ, ಅದರ ದಾರವನ್ನು ಅಡುಗೆಮನೆ ಬಾಗಿಲವರೆಗೂ ಎಳೆದ. ಎರಡು ಸಲ ಬಾರಿಸಿದರೆ ಚಹಾ ಬಂತು ಅಂತ. ಬೀದಿಯವರಿಗೆಲ್ಲ ಇದು ತಮಾಷೆ. "ಹೋಗಲಿ, ರೈಟ್!" ಅಂತ ಗಂಟೆ ಕೇಳಿದವರು ಕೂಗುತ್ತಿದ್ದರು.

ಎರಡು ಸಾವಿರದ ಆರರಲ್ಲಿ ಸಮುದ್ರದ ಕಡೆಗೆ ಐದಂತಸ್ತಿನ ಕಟ್ಟಡ ಎದ್ದಿತು. ಆ ಹೆಬ್ಬೆರಳಿನಗಲದ ಸಮುದ್ರವೂ ಹೋಯಿತು. ವಿಲ್ಫ್ ಅಲ್ಲೇ ಕೂತ, ಆ ಕಟ್ಟಡದವರು ಒಣಹಾಕಿದ ಬಟ್ಟೆ ನೋಡುತ್ತ.

ಆ ವರ್ಷದ ಕ್ರಿಸ್ಮಸ್ ಊಟಕ್ಕೆ ಇಬ್ಬರೂ ನಮ್ಮಲ್ಲಿಗೆ ಬಂದಿದ್ದರು. ನಾನು ಧೈರ್ಯ ಮಾಡಿ ಹೇಳಿದೆ: "ವಿಲ್ಫ್, ಮನೆ ಬದಲಾಯಿಸಿಕೊಳ್ಳೋಣ್ವಾ? ನನ್ನ ಮೊಣಕಾಲು ಇನ್ನೂ ಗಟ್ಟಿ ಇದೆ. ನಾನು ಅಲ್ಲಿಗೆ, ನೀವು ಇಲ್ಲಿಗೆ."

ಮ್ಯೂರಿಯಲ್ ಫೋರ್ಕು ಕೆಳಗಿಟ್ಟಳು. ಅವಳ ಮುಖ ಅರಳಿದ್ದನ್ನು ನಾನು ನೋಡಿದೆ.

ವಿಲ್ಫ್ ಜೋರಾಗಿ ನಕ್ಕ. "ಏನ್ ಡಾಟ್, ಗ್ಯಾರಿ ಹತ್ರ ಕೆಲಸಕ್ಕೆ ಸೇರಿದ್ಯಾ? ಸಮುದ್ರ ಹೋಯ್ತು ಅಂತ ನಾನೂ ಇಳೀಬೇಕಾ? ಸೋತೆ ಅಂತ ಬರ್ಕೊಡ್ಲಾ?"

"ಯಾರೂ ಸೋತೆ ಅಂದಿಲ್ಲ," ಅಂದೆ.

"ಗೊತ್ತು ಗೊತ್ತು. ಸಾಸ್ ಈ ಕಡೆ ಕೊಡು."

ಮ್ಯೂರಿಯಲ್ ಮತ್ತೆ ಫೋರ್ಕು ಎತ್ತಿಕೊಂಡಳು. ತಟ್ಟೆ ನೋಡುತ್ತ ಆಲೂಗಡ್ಡೆಯನ್ನು ಸಣ್ಣ ಸಣ್ಣಗೆ ಕತ್ತರಿಸಿದಳು.

ಇನ್ನೊಮ್ಮೆ ನಾನು ಕೇಳಬೇಕಿತ್ತು. ಕೇಳಲಿಲ್ಲ. ಅವನಿಗೆ ಬೇಸರವಾದೀತು ಅಂತ ಆಗ ನನಗೆ ನಾನೇ ಹೇಳಿಕೊಂಡೆ. ನಿಜ ಬೇರೆ: ಆ ಹೊತ್ತಿಗೆ ಅಂಗಳ, ಗಿಡ, ಗೋಡೆಯ ಮೇಲೆ ಬೆಚ್ಚಗೆ ಮಲಗುವ ಬೆಕ್ಕು, ಎಲ್ಲ ನನಗೆ ಒಗ್ಗಿಹೋಗಿತ್ತು. ಅವನು ಬೇಡ ಅಂದಾಗ ನನ್ನೆದೆ ಹಗುರಾಗಿತ್ತು.

ಎರಡು ಸಾವಿರದ ಹನ್ನೊಂದರ ಜೂನ್, ಶುಕ್ರವಾರ. ನಮ್ಮಲ್ಲಿ ಶುಕ್ರವಾರ ಸಂತೆ. ಮ್ಯೂರಿಯಲ್‌ಗೆ ತಲೆಭಾರ ಅಂತ ಬರಲಿಲ್ಲ, ನಾನೊಬ್ಬಳೇ ಹೋದೆ. ರೆಮೆದಿಯೋಸ್ ತನ್ನ ಮಗಳ ಮದುವೆ ಸುದ್ದಿ ಹೇಳುತ್ತ ನಿಲ್ಲಿಸಿಕೊಂಡಳು. ಹನ್ನೆರಡೂವರೆಗೆ ಬರುತ್ತೇನೆ ಅಂದಿದ್ದ ನಾನು ಬಂದಾಗ ಒಂದು ಗಂಟೆ ದಾಟಿತ್ತು. ಮ್ಯೂರಿಯಲ್ ಪಾಲಿನ ಬ್ರೆಡ್ಡು ಕೊಡಲು ಹಿತ್ತಿಲಿಂದ ಹೋದೆ.

ಅಡುಗೆಮನೆ ಬಾಗಿಲಲ್ಲಿ ನೆಲದ ಮೇಲೆ ಬಿದ್ದಿದ್ದಳು. ಬಾಯಿ ಒಂದು ಕಡೆಗೆ ಜಾರಿತ್ತು. ಕಣ್ಣು ತೆರೆದಿತ್ತು, ನನ್ನನ್ನು ಗುರುತಿಸಿದಳು. ಎಡಗೈಯಲ್ಲಿ ಗಂಟೆಯ ದಾರ ಸುತ್ತಿಕೊಂಡಿತ್ತು. ಮೇಲೆ ರೇಡಿಯೋದಲ್ಲಿ ಕ್ರಿಕೆಟ್ ವಿವರಣೆ ನಡೆದೇ ಇತ್ತು.

"ವಿಲ್ಫ್!" ಅಂತ ಕಿರುಚಿದೆ.

"ಬಂದೇ, ಬಂದೇ ಅಂದ್ನಲ್ಲ! ಈ ಓವರ್ ಮುಗೀಲಿ," ಅಂದ ಮೇಲಿನಿಂದ, ಅವಳೇ ಕೂಗಿದ್ದು ಅಂದುಕೊಂಡು.

ನಾನು ಡಾಟ್, ಅವಳು ಬಿದ್ದಿದಾಳೆ ಅಂತ ಮತ್ತೆ ಕೂಗಿದೆ. ಅವನು ಇಳಿದ ಸದ್ದು ನನಗೆ ಇನ್ನೂ ನೆನಪಿದೆ. ಕೊನೆಯ ಮೆಟ್ಟಿಲುಗಳಲ್ಲಿ ಬಿದ್ದೇ ಬಂದ.

ಆಸ್ಪತ್ರೆಯ ಕಾರಿಡಾರಿನಲ್ಲಿ ಕೂತು ಅವನು ಒಂದೇ ಮಾತು ಹೇಳುತ್ತಿದ್ದ: "ಗಂಟೆ ಕೇಳಿಸ್ತು ಡಾಟ್. ಎರಡು ಸಲ ಅಲ್ಲ, ತುಂಬಾ ಸಲ. ಊಟಕ್ಕೆ ಕರೀತಿದಾಳೆ, ತಮಾಷೆ ಮಾಡ್ತಿದಾಳೆ ಅಂದ್ಕೊಂಡೆ. ಅರ್ಧ ಗಂಟೆ ಆಗಿರ್ಬೇಕು."

ಬೇಗ ತಂದಿದ್ದರೆ ಇಷ್ಟಾಗುತ್ತಿರಲಿಲ್ಲವೇನೋ ಅಂತ ಡಾಕ್ಟರು ಸ್ಪ್ಯಾನಿಷಿನಲ್ಲಿ ಹೇಳಿದರು. ಹೇಗೆ ಅನುವಾದಿಸಲಿ ನಾನು? "ಸಮಯ ಬೇಕು ಅಂತಿದಾರೆ," ಅಂದೆ.

ಅವಳ ಬಲಭಾಗ ಹೋಯಿತು, ಮಾತೂ ಹೋಯಿತು. ಕೂರುವ ಕೋಣೆಯಲ್ಲೇ ಮಂಚ ಹಾಕಿದರು. ಆಮೇಲೆ ವಿಲ್ಫ್ ತಾರಸಿಗೆ ಹೋಗಲಿಲ್ಲ. ಟೊಮೆಟೊ ಕುಂಡಗಳು ಒಣಗಿದವು. ಅರವತ್ತೊಂಬತ್ತು ವರ್ಷದ ಗಂಡಸು ಸೂಪು ಮಾಡಲು ಕಲಿತ, ಹೆಂಡತಿಯ ಕೂದಲಿಗೆ ಸುರುಳಿ ಕಟ್ಟಲು ಕಲಿತ. "ಮೊದಲು ಒದ್ದೆ ಮಾಡ್ಬೇಕಾ, ಆಮೇಲಾ?" ಅಂತ ನನ್ನ ಬಾಗಿಲಿಗೆ ಬಂದು ಕೇಳುತ್ತಿದ್ದ. ನನ್ನ ಅಂಗಳಕ್ಕೆ ಗಾಲಿಕುರ್ಚಿಯಲ್ಲಿ ಕರೆತಂದರೆ ಅವಳು ನಿಂಬೆಗಿಡದ ಬಳಿ ಕೂರುವಳು, ಅವನು ಪಕ್ಕದಲ್ಲಿ ಕೂರುವನು. ಒಂದು ಸಲ ಅವಳು ಎಡಗೈಯಿಂದ ಅವನ ತೊಡೆ ತಟ್ಟಿದಳು. ಅವನು ಎದ್ದು ನನ್ನ ಮನೆಯೊಳಗೆ ಹೋಗಿ ನಲ್ಲಿ ತಿರುಗಿಸಿ ನೀರು ಬಿಟ್ಟುಕೊಂಡ. ತುಂಬ ಹೊತ್ತು ಆಚೆ ಬರಲಿಲ್ಲ.

ಮಾರನೆ ವರ್ಷ ಎನಿಡ್ ಬಂದಳು. ಮೂರು ದಿನ ಅಕ್ಕನ ಪಕ್ಕ ಕೂತು ನಾಲ್ಕನೆಯ ದಿನ ಹೇಳಿದಳು: "ವಿಲ್ಫ್, ಅಕ್ಕನ್ನ ಊರಿಗೆ ಕರ್ಕೊಂಡು ಬಾ. ನನ್ನ ಬೀದೀಲೇ ನೆಲಮಟ್ಟದ ಮನೆ ಖಾಲಿ ಇದೆ."

"ಬರ್ತೀನಿ," ಅಂದ. ಒಂದು ಮಾತೂ ವಾದ ಮಾಡಲಿಲ್ಲ.

ಆಗ ಮನೆ ಕೊಳ್ಳುವವರೇ ಇರಲಿಲ್ಲ. ಕೊನೆಗೆ ನಾರ್ವೆಯ ದಂಪತಿಗೆ ಸಿಕ್ಕಿದ ಬೆಲೆಗೆ ಕೊಟ್ಟ. ಅವರು ತಾರಸಿ ನೋಡಿ ತುಂಬ ಮೆಚ್ಚಿದರಂತೆ. ಹಡರ್ಸ್‌ಫೀಲ್ಡಿನಲ್ಲಿ ಮ್ಯೂರಿಯಲ್ ಒಂದು ಚಳಿಗಾಲ ಬದುಕಿದಳು. ಏಪ್ರಿಲ್‌ನಲ್ಲಿ, ಎನಿಡ್ ಕೈಯಿಂದ ನಾಲ್ಕು ಚಮಚ ಕಸ್ಟರ್ಡ್ ತಿಂದು, ನಿದ್ದೆಯಲ್ಲೇ ಹೋದಳು.

ಮಣ್ಣು ಮಾಡಿದ ದಿನ ಎನಿಡ್ ಮನೆಯ ಅಡುಗೆಕೋಣೆಯಲ್ಲಿ ವಿಲ್ಫ್ ನನ್ನೆದುರು ಕೂತ. ಒಳಗೆ ಜನ ಹ್ಯಾಮ್ ಸ್ಯಾಂಡ್‌ವಿಚ್ ತಿನ್ನುತ್ತಿದ್ದರು.

"ಆ ಗಿಡದ ಹತ್ರ ಅವಳು 'ಇದು ಸಾಕು' ಅಂದ್ಲಲ್ಲ," ಅಂದ. "ನಾನು ತಾರಸಿ ಮೇಲಿದ್ದೆ, ಕೇಳಿಸಿಲ್ಲ ಅಂತ ನೀನು ಅಂದ್ಕೊಂಡಿರ್ತೀಯ. ಅವಳೂ ಹಾಗೇ ಅಂದ್ಕೊಂಡಿದ್ಲು. ಕೇಳಿಸಿತ್ತು ಡಾಟ್. ಕೇಳಿಸಿದ್ದಕ್ಕೇ ಸಮುದ್ರ ಕಾಣುತ್ತೆ ಅಂತ ಕೂಗಿದ್ದು."

ನಾನು ಅವನ ಕೈ ಹಿಡಿದುಕೊಂಡೆ.

ಈಗ ನಾನೂ ಎಂಬತ್ತು ದಾಟಿದ್ದೇನೆ. ಅವನು ಭಾನುವಾರ ಫೋನು ಮಾಡುತ್ತಾನೆ, ಅಲ್ಲಿಯ ಹವೆ, ಇಲ್ಲಿಯ ಹವೆ, ಎನಿಡ್‌ಳ ಸಂಧಿವಾತ. ಒಂದು ಮಾತು ಮಾತ್ರ ಅವನಿಗೆ ನಾನಿನ್ನೂ ಹೇಳಿಲ್ಲ. ಒಂದು ಬೆಳಿಗ್ಗೆ ಬಟಾಣಿ ಸುಲಿಯುತ್ತ ಮ್ಯೂರಿಯಲ್ ಅಂದಿದ್ದಳು: "ಅವನು ಡಬಲ್ ಪಾಳಿ ಮಾಡ್ತಿದ್ದಾಗ್ಲೂ ರಾತ್ರಿ ಊಟ ನನ್ನ ಜೊತೇಲೇ ಮಾಡ್ತಿದ್ದ ಡಾಟ್. ಅಷ್ಟು ಹತ್ರ ಇದ್ವಿ. ನಿವೃತ್ತಿ ಆದ್ಮೇಲೆ ಇನ್ನೂ ಹತ್ರ ಇರ್ತೀವಿ ಅಂದ್ಕೊಂಡಿದ್ದೆ." ಆಮೇಲೆ ಬಟಾಣಿ ಸಿಪ್ಪೆ ಕೊಡವಿಕೊಂಡು, ಅವನ ಚಹಾ ಹೊತ್ತಾಯಿತು ಅಂತ ಎದ್ದು ಹೋಗಿದ್ದಳು.