ತಮ್ಮ ಮಲಗದಂತೆ ನೋಡಿಕೊಳ್ಳುವ ಕೆಲಸ

ಹಳೇ ಮದ್ರಾಸ್ ರಸ್ತೆಯ ನೆತ್ತಿಯ ಮೇಲೆ ಮೆಟ್ರೋ ಓಡಲು ಶುರುವಾಗುವ ಮೊದಲಿನ ಮಾತು. ಕೆ.ಆರ್. ಪುರದ ಹತ್ತಿರ ಅಪ್ಪನ ಫ್ಯಾಕ್ಟರಿಯ ಕ್ವಾರ್ಟರ್ಸಿನಲ್ಲಿ ನಮ್ಮ ಮನೆ. ಅಲ್ಲಿಂದ ಶಿವಾಜಿನಗರಕ್ಕೆ ಹೋಗುವುದೆಂದರೆ ಅರ್ಧ ದಿನ ಕೈಬಿಟ್ಟ ಹಾಗೆಯೇ. ಬಸ್ಸು ಟಿನ್ ಫ್ಯಾಕ್ಟರಿ ಸಿಗ್ನಲಿನಲ್ಲಿ ನಿಂತರೆ ನಿಂತೇಬಿಡುತ್ತಿತ್ತು. ನನಗಾಗ ಹತ್ತು ವರ್ಷ. ಕೂತಲ್ಲಿ ಕೂರುವ ಜಾಯಮಾನವೇ ನನ್ನದಲ್ಲ. ‘ಕಾಲಿಗೆ ಚಕ್ರ ಕಟ್ಕೊಂಡು ಹುಟ್ಟಿದಾಳೆ’ ಎಂದು ಅಜ್ಜಿ ದಿನಕ್ಕೆ ಹತ್ತು ಸಲ ಗೊಣಗುತ್ತಿದ್ದರು.

ತಮ್ಮ ಗುಂಡನಿಗೆ ಮೂರು ತುಂಬಿ ನಾಲ್ಕಕ್ಕೆ ಬಿದ್ದಿದ್ದರೂ ಮಾತು ಬಂದಿರಲಿಲ್ಲ. ‘ಅಮ್ಮ’, ‘ಬಾ’, ಅಲ್ಲಿಗೆ ಮುಗಿಯಿತು. ಇದಕ್ಕೆ ಕಾರಣ ಅಜ್ಜಿಗೆ ಚೆನ್ನಾಗಿ ಗೊತ್ತಿತ್ತು. ಕೆಳಗಿನ ಮನೆಯವರದು ತಮಿಳು, ಎದುರು ಮನೆಯ ಮುಮ್ತಾಜ್ ಆಂಟಿಯದು ದಖನಿ ಉರ್ದು, ನರ್ಸರಿಯಲ್ಲಿ ಇಂಗ್ಲಿಷು.

“ಒಂದು ಮಗೂ ತಲೇಲಿ ನಾಲ್ಕು ಭಾಷೆ ತುರುಕಿದ್ರೆ ಅದು ಯಾವುದನ್ನ ಅಂತ ಆಡತ್ತೆ?” ಎಂದರು ಅಜ್ಜಿ. ಕಾಲೊನಿಯವರೆಲ್ಲ ಹೌದೌದು ಎಂದರು. ಫ್ಯಾಕ್ಟರಿಯಲ್ಲಿ ದಿನವಿಡೀ ಆ ನಾಲ್ಕೂ ಭಾಷೆ ಆಡುತ್ತಿದ್ದ ಅಪ್ಪನೂ ಹೌದು ಎಂದರು.

ಆವತ್ತಿನಿಂದ ಮನೆಯಲ್ಲಿ ಕನ್ನಡ ಮಾತ್ರ. ಗುಂಡನ ನರ್ಸರಿ ಬಂದ್. ಎದುರು ಮನೆಗೆ ಯಾರೂ ಹೋಗುವಂತಿಲ್ಲ, ಅಲ್ಲಿಂದ ಯಾರೂ ಬರುವಂತಿಲ್ಲ. ಮುಮ್ತಾಜ್ ಆಂಟಿಯ ಮಗಳು ಶಬಾನಾ ನನ್ನ ಜೀವದ ಗೆಳತಿ. ನಮ್ಮ ಕುಂಟೆಬಿಲ್ಲೆ, ಅವಳ ಮನೆಯ ಸೇಮಿಯಾ ಪಾಯಸ, ಸಂಜೆಯ ಜಗಳ ಎಲ್ಲಕ್ಕೂ ಒಟ್ಟಿಗೇ ಕಲ್ಲು ಬಿತ್ತು. ನನಗೆ ಗುಂಡನ ಮೇಲೆ ಎಷ್ಟು ಸಿಟ್ಟು ಬಂದಿತ್ತೆಂದರೆ, ಅಮ್ಮ ಆಚೆ ಹೋದಾಗ ಅವನ ತಲೆಗೊಂದು ಮೊಟಕುತ್ತಿದ್ದೆ.

ಅಜ್ಜಿ ಮಾತ್ರ ಅವನನ್ನು ತೊಡೆಯ ಮೇಲೆ ಕೂರಿಸಿಕೊಂಡು ದಿನವಿಡೀ ಮಾತಾಡುತ್ತಿದ್ದರು. ತರಕಾರಿ ಹೆಸರು, ಹಕ್ಕಿ ಹೆಸರು, ಸತ್ತುಹೋದ ನೆಂಟರ ಹೆಸರು. ಗುಂಡ ಕಣ್ಣು ಕೀಳದೆ ಅವರ ಬಾಯಿಯನ್ನೇ ನೋಡುತ್ತಿದ್ದ. “ನೋಡೇ, ಹೆಂಗ್ ಕೇಳಿಸ್ಕೋತಾನೆ” ಎಂದು ಅವರಿಗೆ ಸಂಭ್ರಮ.

ಒಂದು ಮಧ್ಯಾಹ್ನ ಗ್ಯಾಸಿನವನು ತುಂಬಿದ ಸಿಲಿಂಡರನ್ನು ನಮ್ಮ ಪಡಸಾಲೆಯಲ್ಲಿ ಧಡಾರನೆ ಇಳಿಸಿದ. ನಾವೆಲ್ಲ ಬೆಚ್ಚಿಬಿದ್ದೆವು. ಬೆನ್ನು ತಿರುಗಿಸಿ ಆಡುತ್ತಿದ್ದ ಗುಂಡ ತಿರುಗಿಯೂ ನೋಡಲಿಲ್ಲ. ಎದುರು ಬಾಗಿಲಲ್ಲಿ ನಿಂತಿದ್ದ ಮುಮ್ತಾಜ್ ಆಂಟಿ ಅದನ್ನು ನೋಡಿದರು.

“ಬೇಜಾರ್ ಮಾಡ್ಕೋಬೇಡಿ ಅಕ್ಕಾ,” ಎಂದರು ಅಮ್ಮನಿಗೆ, “ಒಂದ್ಸಲ ಮಗೂದು ಕಿವಿ ತೋರ್ಸಿ. ನಮ್ಮಣ್ಣನ ಮಗೂದೂ ಹಿಂಗೇ ಇತ್ತು.”

ಅಜ್ಜಿಗೆ ಮೈಯೆಲ್ಲ ಉರಿದುಹೋಯಿತು. ಅಮ್ಮ ಮಾತ್ರ ಮರುವಾರವೇ ಶಿವಾಜಿನಗರದ ಆಸ್ಪತ್ರೆಗೆ ಹೋಗಿ ತಾರೀಖು ತಂದರು.

ಮಗು ಗಾಢ ನಿದ್ದೆಯಲ್ಲಿರುವಾಗ ತಲೆಗೆ ತಂತಿ ಅಂಟಿಸಿ, ಕಿವಿಯೊಳಕ್ಕೆ ಸದ್ದು ಕಳಿಸಿ, ಅದು ಮಿದುಳಿಗೆ ಮುಟ್ಟುತ್ತದೆಯೋ ಇಲ್ಲವೋ ನೋಡುವ ಪರೀಕ್ಷೆಯಂತೆ. ಗುಂಡನಿಗೆ ಕೆಮ್ಮು ನೆಗಡಿ ಇದ್ದುದರಿಂದ ನಿದ್ದೆಯ ಔಷಧಿ ಕೊಡುವಂತಿರಲಿಲ್ಲ. “ಬೆಳಿಗ್ಗೆ ನಾಲ್ಕಕ್ಕೇ ಎಬ್ಬಿಸಿ. ಇಲ್ಲಿಗೆ ಬರೋ ತನಕ ಒಂದು ಜೊಂಪೂ ಹತ್ತಬಾರದು” ಎಂದಿದ್ದರು ಅಲ್ಲಿನ ಮೇಡಂ. ಅವನನ್ನು ಮಲಗಗೊಡದ ಕೆಲಸ ನನ್ನ ಪಾಲಿಗೆ ಬಂತು. ನೆಟ್ಟಗೆ ಕೂರದವಳಿಗೆ ಹೇಳಿ ಮಾಡಿಸಿದ ಕೆಲಸ ಎಂದರು ಅಪ್ಪ.

ಹಿಂದಿನ ಸಂಜೆ ಅಡುಗೆಮನೆಯಲ್ಲಿ ಅಜ್ಜಿ ಅಮ್ಮನಿಗೆ ಹೇಳುತ್ತಿದ್ದುದು ನನ್ನ ಕಿವಿಗೆ ಬಿದ್ದಿತ್ತು. “ಟೆಸ್ಟು ಮಾಡಿಸಿದ್ರೆ ತಾನೇ ಕಿವುಡ ಅಂತ ಹೆಸರು ಬೀಳೋದು? ಮಾಡಿಸದೇ ಇದ್ರೆ ಮಾತು ತಡ, ಅಷ್ಟೇ.”

ಬೆಳಿಗ್ಗೆ ಬಸ್ಸಿನಲ್ಲಿ ಕಿಟಕಿ ಪಕ್ಕ ಗುಂಡ, ನಡುವೆ ನಾನು, ಈಚೆಗೆ ಅಮ್ಮ. ಉಪ್ಪುಖಾರ ಹಚ್ಚಿದ ಸೀಬೆಕಾಯಿ ತಿನ್ನಿಸಿದೆ, ಮುಖಕ್ಕೆ ನೀರು ಚಿಮುಕಿಸಿದೆ, ಕಚಗುಳಿ ಇಟ್ಟೆ. ಇಂದಿರಾನಗರ ದಾಟುವಾಗ ಅವನ ತಲೆ ವಾಲತೊಡಗಿತು. ತೋಳು ಚಿವುಟಿದೆ. ಅವನು ಅತ್ತ ರೀತಿಗೆ ಹಿಂದಿನ ಸೀಟಿನ ಹೆಂಗಸು ಸಿಡುಕಿದಳು.

“ಯಾಕಮ್ಮ ಮಗೂನ ಹಂಗ್ ಚಿವುಟ್ತೀಯಾ? ಮಲಕ್ಕೊಳ್ಳಿ ಬಿಡು.”

ಅಮ್ಮನ ಕಡೆ ನೋಡಿದೆ. ಅವರೂ ನಾಲ್ಕಕ್ಕೇ ಎದ್ದವರು, ಕೂತಲ್ಲೇ ತೂಕಡಿಸುತ್ತಿದ್ದರು. ಗುಂಡ ನನ್ನ ತೊಡೆಯ ಮೇಲೆ ತಲೆಯಿಟ್ಟ. ಅವನ ಕೆನ್ನೆ ಬಿಸಿಯಾಗಿತ್ತು. ಅಜ್ಜಿಯ ಮಾತು ತಲೆಯಲ್ಲಿ ಗಿರಗಿರ ಸುತ್ತಿತು. ಇವನು ಇಲ್ಲೇ ಮಲಗಿಬಿಟ್ಟರೆ ಅಲ್ಲಿ ಟೆಸ್ಟು ಇಲ್ಲ. ಟೆಸ್ಟು ಇಲ್ಲದಿದ್ದರೆ ಇವನು ಕಿವುಡನಲ್ಲ. ಹಲಸೂರಿನಿಂದ ಶಿವಾಜಿನಗರದವರೆಗೆ ಅವನನ್ನು ಮಲಗಲು ಬಿಟ್ಟೆ. ಜೀವನದಲ್ಲೇ ಮೊದಲ ಸಲ ನಾನು ಅಲುಗಾಡದೆ ಕೂತಿದ್ದೆ. ಸ್ಟ್ಯಾಂಡಿಗೆ ಬಸ್ಸು ತಿರುಗುವಾಗ ಅವನನ್ನು ಎಬ್ಬಿಸಿ, ಜೊಲ್ಲು ಒರೆಸಿ, ಅಮ್ಮನನ್ನು ಅಲ್ಲಾಡಿಸಿದೆ.

ಆಸ್ಪತ್ರೆಯ ಕೋಣೆಯಲ್ಲಿ ಗುಂಡ ಮಲಗಲಿಲ್ಲ. ದೀಪ ಆರಿಸಿದರು, ಅಮ್ಮ ತಟ್ಟಿದರು, ತೂಗಿದರು. ಅವನು ತಂತಿ ಕಿತ್ತು ಆಡಿದ. ಎರಡು ಗಂಟೆ ಆದ ಮೇಲೆ ಮೇಡಂ ಕೇಳಿದರು.

“ಬಸ್ಸಲ್ಲೇನಾದ್ರೂ ಮಲಗಿದ್ನಾ?”

“ಇಲ್ಲಪ್ಪ, ಇವಳೇ ಪಕ್ಕದಲ್ಲಿದ್ಲು” ಎಂದು ಅಮ್ಮ ನನ್ನತ್ತ ನೋಡಿದರು. ನಾನು ಇಲ್ಲವೆಂದು ತಲೆಯಾಡಿಸಿದೆ. ಮುಂದಿನ ತಾರೀಖು ಆರು ವಾರದ ಆಚೆಗೆ ಸಿಕ್ಕಿತು.

ಆಮೇಲಂತೂ ಅಜ್ಜಿ ಇನ್ನೂ ಹುರುಪಿನಿಂದ ಗುಂಡನಿಗೆ ಕನ್ನಡ ಹೇಳಿಕೊಟ್ಟರು. ಹೊಸ ತಾರೀಖಿಗೆ ಹದಿನೈದು ದಿನ ಇರುವಾಗ, ಒಂದು ಬೆಳಿಗ್ಗೆ ಕಾಫಿ ಲೋಟ ಕೈಯಲ್ಲಿ ಹಿಡಿದಂತೆಯೇ ಗೋಡೆಗೆ ಒರಗಿದವರು ಏಳಲಿಲ್ಲ.

ವೈಕುಂಠ ಸಮಾರಾಧನೆ ಮುಗಿದ ಮೂರನೇ ದಿನ ಮತ್ತೆ ಬಸ್ಸು ಹತ್ತಿದೆವು. ಈ ಸಲ ನಾನು ಅವನನ್ನು ಕೂರಲೂ ಬಿಡಲಿಲ್ಲ. ಸ್ಟ್ಯಾಂಡಿನಲ್ಲಿ ಇಳಿದ ಮೇಲೂ ರಸೆಲ್ ಮಾರ್ಕೆಟ್ಟಿನೊಳಗೆ ಸುತ್ತಿಸಿದೆ. ಮೀನಿನ ಬುಟ್ಟಿ, ಕೋಳಿ ಪುಕ್ಕ, ಗುಲಾಬಿ ರಾಶಿ ಎಲ್ಲವನ್ನೂ ತೋರಿಸುತ್ತಾ, ಅಳುತ್ತಿದ್ದವನನ್ನು ದರದರ ಎಳೆದುಕೊಂಡು ನಡೆದೆ. ನಾನೂ ಅಳುತ್ತಿದ್ದೆ. ಕೋಣೆಯಲ್ಲಿ ಅಮ್ಮನ ಮಡಿಲಿಗೆ ಬಿದ್ದದ್ದೇ ನಿದ್ದೆ ಹೋದ.

ಎರಡೂ ಕಿವಿ ಬಹಳ ಕಡಿಮೆ, ಆದರೆ ಯಂತ್ರ ಹಾಕಿದರೆ ಕೇಳಿಸುತ್ತದೆ ಎಂದು ಗೊತ್ತಾಯಿತು. ಹುಟ್ಟಿದಾಗ ಗಾಜಿನ ಪೆಟ್ಟಿಗೆಯಲ್ಲಿ ಇಡಬೇಕಾಗುವಷ್ಟು ಏರಿದ್ದ ಕಾಮಾಲೆ ಕಾರಣ ಇರಬಹುದು ಎಂದರು. ಅಮ್ಮ ಭಾಷೆಯ ವಿಷಯ ಕೇಳಿದರು.

“ಭಾಷೆ ಏನ್ ಮಾಡತ್ತಮ್ಮ? ಎಷ್ಟಾದ್ರೂ ಆಡಿ,” ಎಂದರು ಮೇಡಂ. “ಮುಖಕ್ಕೆ ಮುಖ ಕೊಟ್ಟು ಆಡಿ, ಅಷ್ಟೇ. ಮಾತಿನ ಟ್ರೈನಿಂಗ್ ತಪ್ಪಿಸ್ಬೇಡಿ. ಈ ವಯಸ್ಸಲ್ಲಿ ಒಂದೊಂದು ವಾರಾನೂ ಮುಖ್ಯ.”

ಅಂದು ಸಂಜೆ ಅಮ್ಮ ತಾವಾಗಿಯೇ ಮುಮ್ತಾಜ್ ಆಂಟಿಯ ಬಾಗಿಲು ತಟ್ಟಿ, ಒಳಗೆ ಕೂತು ಅತ್ತು ಬಂದರು. ಆಸ್ಪತ್ರೆಯವರು ಚಪಾತಿ ಹಿಟ್ಟಿನಂಥದನ್ನು ಗುಂಡನ ಕಿವಿಗೆ ಒತ್ತಿ ಅಳತೆ ತೆಗೆದರು. ಎರಡು ವಾರಕ್ಕೆ ಯಂತ್ರ ಬಂತು. ಮೊದಮೊದಲು ಬಸ್ಸಿನ ಹಾರನ್ನಿಗೆ ಕಿರುಚಿ ಅದನ್ನು ಕಿತ್ತೆಸೆಯುತ್ತಿದ್ದ. ಬರಬರುತ್ತಾ ತಾನೇ ಕೇಳಿ ಹಾಕಿಸಿಕೊಳ್ಳತೊಡಗಿದ. ನಾನು ಬೆರಳು ಮಡಚಿ ಲೆಕ್ಕ ಹಾಕಿದೆ. ಮೊದಲ ಸಲವೇ ಪರೀಕ್ಷೆ ಆಗಿದ್ದರೆ ಅಜ್ಜಿ ಇದ್ದಾಗಲೇ ಯಂತ್ರ ಬಂದಿರುತ್ತಿತ್ತು. ಯಾರಿಗೂ ಹೇಳಲಿಲ್ಲ.

ಹೋದ ತಿಂಗಳು ನನಗೆ ಮಗಳು ಹುಟ್ಟಿದಳು. ಎರಡನೇ ದಿನವೇ ಒಬ್ಬ ಹುಡುಗಿ ಚಿಕ್ಕ ಯಂತ್ರ ತಂದು, ಮಲಗಿದ್ದ ಕೂಸಿನ ಕಿವಿಗೆ ಹಿಡಿದು, ಕೆಲವೇ ನಿಮಿಷಗಳಲ್ಲಿ ‘ಸರಿಯಿದೆ’ ಎಂದು ಹೋದಳು. ನಾನು ಹಾಸಿಗೆಯಲ್ಲಿ ಕೂತು ಗೋಳೋ ಎಂದು ಅತ್ತೆ. ಸಂಜೆ ಗುಂಡ ನೋಡಲು ಬಂದ. ಈಗ ಅವನು ಇಂದಿರಾನಗರದ ಒಂದು ಕಚೇರಿಯಲ್ಲಿ ಮನೆಗಳ ನಕ್ಷೆ ಮಾಡುತ್ತಾನೆ, ಮೂರು ಭಾಷೆ ಆಡುತ್ತಾನೆ. ಬಸ್ಸಿನ ಕತೆಯನ್ನೆಲ್ಲ ಅವನಿಗೆ ಹೇಳಿಬಿಟ್ಟೆ.

“ಆರು ವಾರ ತಾನೇ ಅಕ್ಕ, ಬಿಡು” ಎಂದ. ಕೂಸಿನ ಕಾಲು ಸವರುತ್ತಾ ಕೇಳಿದ. “ಅಜ್ಜಿ ಮುಖ ನಂಗೆ ಚೆನ್ನಾಗಿ ನೆನಪಿದೆ ಕಣೇ. ಧ್ವನಿ ಹೆಂಗಿತ್ತು?”

ಚಿಕ್ಕವಳಿದ್ದಾಗ ಅಜ್ಜಿಯನ್ನು ಅಣಕಿಸಿ ಮನೆಮಂದಿಯನ್ನೆಲ್ಲ ನಗಿಸುತ್ತಿದ್ದವಳು ನಾನು. ಅವರ ಹಾಗೆ ಮಾತಾಡಿ ತೋರಿಸೋಣವೆಂದು ಬಾಯಿ ತೆರೆದೆ. ಬಂದದ್ದು ನನ್ನದೇ ಧ್ವನಿ. ಇನ್ನೊಮ್ಮೆ ಪ್ರಯತ್ನಿಸಿದೆ, ಆಗಲೂ ಅಷ್ಟೇ. ಅವರ ಮಾತು ಒಂದನ್ನೂ ಮರೆತಿಲ್ಲ ನಾನು, ಧ್ವನಿ ಮಾತ್ರ ಎಷ್ಟು ತಡಕಿದರೂ ಸಿಗಲಿಲ್ಲ. “ನಂಗೂ ಮರ್ತೋಗಿದೆ ಕಣೋ” ಎಂದೆ.