ಚಿಕ್ಕವ್ವನನ್ನು ಎತ್ತಿ ಹಿಡಿದದ್ದು

ಹಳ್ಳಿಖೇಡದ ಸಕ್ಕರೆ ಕಾರ್ಖಾನೆ ಕಡೆ ಹೋಗುವ ಕಬ್ಬಿನ ಟ್ರ್ಯಾಕ್ಟರುಗಳೆಲ್ಲ ನಮ್ಮ ಓಣಿಯನ್ನೇ ಹಾಯಬೇಕು. ನಮ್ಮ ಮನೆಗೆ ಇಂಟರ್ನೆಟ್ ತಂದ ಕೇಬಲ್ಲು ಅದೇ ಓಣಿಗೆ ಅಡ್ಡಲಾಗಿ ಜೋತಾಡುತ್ತಿತ್ತು. ಮೊದಲ ವಾರವೇ ಒಂದು ಟ್ರ್ಯಾಕ್ಟರು ಅದನ್ನು ಹರಿದು, ಕಬ್ಬಿನ ಜೊತೆಗೇ ಎಳೆದುಕೊಂಡು ಹೋಯಿತು. ಕೇಬಲ್ಲಿನವರಿಗೆ ಎತ್ತರದ ಕಂಬ ಹಾಕಿಸಿ ಎಂದು ಹೇಳಿ ಹೇಳಿ ಸಾಕಾಗಿ, ಅವ್ವ ಒಂದು ಉದ್ದನೆಯ ಬಿದಿರಿನ ಗಳವನ್ನು ಬಾಗಿಲ ಪಕ್ಕ ಒರಗಿಸಿಟ್ಟಳು. ಡ್ರೈವರುಗಳು ಮನೆ ಮುಂದೆ ಹಾರ್ನ್ ಹೊಡೆಯುವುದು, ಅವ್ವ ಹೊಸ ಕೇಬಲ್ಲನ್ನು ಗಳದಿಂದ ಎತ್ತಿ ಹಿಡಿಯುವುದು ರೂಢಿಯಾಯಿತು.

ಒಂದು ಮಧ್ಯಾಹ್ನ ಅವಳು ಬಸವಕಲ್ಯಾಣದ ಚಿಕ್ಕವ್ವನ ಜೊತೆ ವಿಡಿಯೋ ಕಾಲಿನಲ್ಲಿದ್ದಾಗ ಹಾರ್ನ್ ಕೇಳಿಸಿತು.

"ತಡಿ ತಂಗಿ, ನಿನ್ನ ಎತ್ತಿ ಹಿಡೀಬೇಕು," ಎಂದು ಅವ್ವ ಫೋನನ್ನು ನನ್ನ ಕೈಗಿಟ್ಟು ಓಡಿದಳು. ನಾನು ಬಾಗಿಲಲ್ಲಿ ನಿಂತು ಫೋನನ್ನು ಓಣಿಯ ಕಡೆ ತಿರುಗಿಸಿದೆ. ಕಬ್ಬಿನ ಹೇರು ಕಂಡದ್ದೇ ಚಿಕ್ಕವ್ವ ಗಾಬರಿಯಾದಳು.

"ಅಕ್ಕಾ, ಇನ್ನ ಜರಾ ಮ್ಯಾಲ. ಈ ಕಡೆ ತಾಕಾಕತ್ತದ."

ಅವ್ವ ತುದಿಗಾಲಲ್ಲಿ ನಿಂತು ಇನ್ನಷ್ಟು ಎತ್ತಿದಳು. ಡ್ರೈವರನಿಗೆ ನಗು ತಡೆಯಲಾಗುತ್ತಿರಲಿಲ್ಲ. ಅಂತೂ ಟ್ರಾಲಿ ದಾಟಿತು.

ಚಿಕ್ಕವ್ವ ಸೆರಗಿನಿಂದ ಬೆವರು ಒರೆಸಿಕೊಂಡಳು.

"ಉಳಕೊಂಡೆ ನೋಡಕ್ಕ," ಎಂದಳು.