‘ಸೊಸೆ’ ಎಂಬ ಫೋಲ್ಡರು

ನನ್ನ ಕಂಪ್ಯೂಟರಿನಲ್ಲಿ ಮನುಷ್ಯರ ಹೆಸರಿನ ಫೋಲ್ಡರು ಒಂದೂ ಇರಲಿಲ್ಲ. ಇದ್ದದ್ದೆಲ್ಲ ಊರುಗಳೇ. ಮಾಗಡಿಯಲ್ಲಿ ನಮ್ಮ ಮನೆಯ ಮುಂದಿನ ಕೋಣೆಯಲ್ಲೇ ಟೈಪಿಂಗು, ಸ್ಕ್ಯಾನಿಂಗು, ಲಗ್ನಪತ್ರಿಕೆ ಡಿಸೈನು, ಆನ್‌ಲೈನ್ ಅರ್ಜಿ ಅಂತ ಬಹಳ ವರ್ಷಗಳಿಂದ ಮಾಡಿಕೊಂಡು ಬಂದಿದ್ದೇನೆ. ಬಾಗಿಲಿಗೆ ಬಂದವರನ್ನು ಮೊದಲು ಕೇಳುವುದು ‘ಯಾವೂರು?’ ಅಂತ. ಹೆಸರು ಕೇಳಿ ಪ್ರಯೋಜನವಿಲ್ಲ. ಒಂದೇ ಊರಿನಲ್ಲಿ ಒಂದೇ ಹೆಸರಿನವರು ಏಳೆಂಟು ಜನ ಇರುತ್ತಾರೆ, ಇನಿಶಿಯಲ್ಲೂ ಒಂದೇ. ಅದಕ್ಕೇ ಊರಿಗೊಂದು ಫೋಲ್ಡರು, ಅದರೊಳಗೆ ಮನೆಗೊಂದು. ಮನೆಗಳಿಗೆ ಗುರುತು ನಾನೇ ಇಡುತ್ತಿದ್ದೆ: ‘ಟ್ಯಾಂಕ್ ಪಕ್ಕದ ಮನೆ’, ‘ಕೆಂಪು ಸ್ಕೂಟರ್’, ‘ಜಾಸ್ತಿ ಮಾತಾಡೋ ಮೇಷ್ಟ್ರು’. ಆ ಮೇಷ್ಟ್ರು ಒಮ್ಮೆ ನನ್ನ ಬೆನ್ನ ಹಿಂದೆಯೇ ನಿಂತು ಪರದೆ ನೋಡಿಬಿಟ್ಟರು. ಅವತ್ತೊಂದು ದಿನ ಅವರು ಮಾತಾಡಲಿಲ್ಲ.

ಇನ್ನೊಬ್ಬರ ಮನೆಯ ಸಮಾಚಾರ ತಿಳಿದುಕೊಳ್ಳುವ ಚಟ ನನಗೆ ಮೊದಲಿನಿಂದಲೂ ಇದೆ. ಮುಚ್ಚಿಡುವುದೇನು ಬಂತು? ಗಿರಾಕಿಗಳಿಲ್ಲದ ಮಧ್ಯಾಹ್ನ ಫೈಲುಗಳನ್ನು ಜೋಡಿಸುತ್ತ ಕೂತರೆ ಹೊತ್ತು ಹೋಗುವುದೇ ತಿಳಿಯುತ್ತಿರಲಿಲ್ಲ. ಒಂದು ಮನೆಯ ಫೋಲ್ಡರು ತೆರೆದರೆ ಸಾಕು, ಜಾತಿ ಪ್ರಮಾಣಪತ್ರ, ಮಾರ್ಕ್ಸ್ ಕಾರ್ಡು, ಗಂಡು ಹುಡುಕಲು ಮಾಡಿಸಿದ ಬಯೋಡೇಟಾ, ಲಗ್ನಪತ್ರಿಕೆ, ಆಮೇಲೆ ನಾಮಕರಣದ ಕಾರ್ಡು. ಬಯೋಡೇಟಾಕ್ಕೂ ಲಗ್ನಪತ್ರಿಕೆಗೂ ನಡುವೆ ಮೂರು ವರ್ಷ ಯಾಕಾಯಿತು, ಬಯೋಡೇಟಾದಲ್ಲಿದ್ದ ‘ಸರ್ಕಾರಿ ನೌಕರಿಯವರಿಗೆ ಆದ್ಯತೆ’ ಎಲ್ಲಿ ಹೋಯಿತು ಅಂತ ನಾನೊಬ್ಬಳೇ ಯೋಚಿಸುತ್ತ ಕೂರುತ್ತಿದ್ದೆ.

ಇದರಲ್ಲಿ ನಾನೇ ಮಾಡಿಕೊಂಡ ಒಂದು ಪದ್ಧತಿ ಇತ್ತು. ಹುಡುಗಿಯ ಲಗ್ನಪತ್ರಿಕೆಗೆ ಅವರ ಮನೆಯವರು ಒಪ್ಪಿಗೆ ಕೊಟ್ಟ ಕೂಡಲೇ, ಅವಳ ಮಾರ್ಕ್ಸ್ ಕಾರ್ಡು, ಆಧಾರು, ಫೋಟೊ ಎಲ್ಲವನ್ನೂ ತೌರಿನ ಊರಿನಿಂದ ತೆಗೆದು ಗಂಡಿನ ಊರಿನ ಫೋಲ್ಡರಿಗೆ ಕಳಿಸುತ್ತಿದ್ದೆ. ಲಗ್ನಪತ್ರಿಕೆಯನ್ನೂ ಜೊತೆಗೇ. ಮುಂದೆ ಅವಳು ಬಂದು ಗಂಡನ ಊರು ಹೇಳಿದರೆ ಥಟ್ಟನೆ ಸಿಗಬೇಕಲ್ಲ. ಹೀಗೆ ನಾನು ಕಾಣದ ಊರುಗಳೆಲ್ಲ ನನ್ನ ಕಂಪ್ಯೂಟರಿನಲ್ಲಿ ಹುಟ್ಟಿಕೊಂಡವು. “ಕಂಪ್ಯೂಟ್ರಲ್ಲೂ ಹೆಣ್ಣು ಒಪ್ಸಿ ಕೊಡ್ತೀಯಲ್ಲೇ, ಮಡಿಲಕ್ಕಿ ಒಂದು ತುಂಬಿಲ್ಲ ನೋಡು” ಅಂತ ನಮ್ಮ ಯಜಮಾನರು ಆಡಿಕೊಳ್ಳುತ್ತಿದ್ದರು. ನನಗೆ ಒಳಗೊಳಗೇ ಹೆಮ್ಮೆ. ಇಷ್ಟು ಅಚ್ಚುಕಟ್ಟು ಮಾಗಡಿಯಲ್ಲಿ ಇನ್ಯಾರ ಹತ್ತಿರ ಇದೆ ಅಂದುಕೊಂಡಿದ್ದೆ.

ಕಳೆದ ವರ್ಷ ಒಂದು ಮಧ್ಯಾಹ್ನ ಮೂರು ಗಂಟೆಯ ಹೊತ್ತಿಗೆ ಮೂವತ್ತರ ಆಸುಪಾಸಿನ ಹೆಂಗಸೊಬ್ಬಳು ಬಸ್ಸಿಳಿದು ಓಡುತ್ತಲೇ ಬಂದಳು. ಚಪ್ಪಲಿ ಬಿಡುವಷ್ಟರಲ್ಲೇ ಮಾತು ಶುರುವಾಗಿತ್ತು.

“ಅಕ್ಕ, ಅಂಗನವಾಡಿ ಸಹಾಯಕಿ ಅರ್ಜಿ ಹಾಕ್ಬೇಕು. ಇವತ್ತು ಐದು ಗಂಟೆಗೆ ಮುಗೀತದೆ. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್ನ ಗೆದ್ದಲು ತಿಂದ್ಬುಟ್ಟೈತೆ. ಟ್ರಂಕು ತೆಗುದ್ರೆ ಬರೀ ಮಣ್ಣು. ಆರೇಳು ವರ್ಸದ ಕೆಳಗೆ ನಿಮ್ಮತ್ರಾನೇ ಸ್ಕ್ಯಾನ್ ಮಾಡ್ಸಿದ್ದೆ. ಒಸಿ ನೋಡ್ರಕ್ಕ.”

“ಯಾವೂರವ್ವ?”

“ಗುಡೇಮಾರನಹಳ್ಳಿ. ಈ ಕೆಲ್ಸ ನಮ್ಮೂರೋರ್ಗೇ ಕೊಡೋದು. ಇದು ತಪ್ಪುದ್ರೆ ಇನ್ಯಾವಾಗ್ಲೋ.”

ಗುಡೇಮಾರನಹಳ್ಳಿ ತೆರೆದೆ. ಮನೆಯ ಗುರುತು ಕೇಳಿದೆ. ಹಾಲಿನ ಡೇರಿ ಎದುರಿಗೆ ಅಂದಳು. ‘ಡೇರಿ ಎದುರು ಮನೆ’ ಇತ್ತು. ಅದರಲ್ಲಿ ಅವಳಪ್ಪನ ಪಹಣಿ ಇತ್ತು, ತಮ್ಮನ ಡ್ರೈವಿಂಗ್ ಲೈಸೆನ್ಸ್ ಇತ್ತು, ಅವಳದು ಒಂದು ಕಾಗದವೂ ಇರಲಿಲ್ಲ. ನನ್ನ ಸ್ಕ್ಯಾನರು ಎಲ್ಲಕ್ಕೂ ಬರೀ ನಂಬರು ಕೊಡುತ್ತದೆ, ಹಾಗಾಗಿ ಅವಳ ಹೆಸರು ಹಾಕಿ ಹುಡುಕಿದರೂ ಏನೂ ಬರಲಿಲ್ಲ. ರೀಸೈಕಲ್ ಬಿನ್ ನೋಡಿದೆ. ಹಳೆಯ ಹಾರ್ಡ್ ಡಿಸ್ಕ್ ಸಿಕ್ಕಿಸಿದೆ. ಗಂಟೆ ನಾಲ್ಕಕ್ಕೆ ಹತ್ತಿರವಾಯಿತು. ಅವಳು ಸೆರಗಿನ ತುದಿಯನ್ನು ಸುತ್ತುತ್ತ, ಬಿಚ್ಚುತ್ತ ಪರದೆಯನ್ನೇ ನೋಡುತ್ತಿದ್ದಳು. ನನಗೆ ಭಯವಾಗತೊಡಗಿತು. ಇಷ್ಟು ವರ್ಷದ ಅಚ್ಚುಕಟ್ಟು ಒಬ್ಬಳ ಕೆಲಸ ಕಳೆಯುತ್ತದೇನೋ ಅನಿಸಿತು.

“ನಿನ್ನ ಗಂಡನ ಊರು ಯಾವುದು?” ಅಂತ ಕೇಳಿದೆ.

“ಮದ್ವೆ ಆಗಿಲ್ಲ.”

“ಹಂಗಾದ್ರೆ ಇಲ್ಲೇ ಇರ್ಬೇಕಲ್ಲ. ಮದ್ವೆ ಆದೋರ್ನ ಮಾತ್ರ ನಾನು ಬೇರೆ ಊರಿಗೆ ಹಾಕೋದು.”

ಅವಳು ನನ್ನ ಕಡೆ ನೋಡದೆ ಹೇಳಿದಳು: “ಒಂದ್ಸಲ ಕಾರ್ಡು ಮಾಡ್ಸಿದ್ರು ಅಕ್ಕ, ನಿಮ್ಮತ್ರಾನೇ. ಕನಕಪುರದಾಚೆ, ಉಯ್ಯಂಬಳ್ಳಿ ಗಂಡು. ಅದು ಆಗ್ಲಿಲ್ಲ.”

ಉಯ್ಯಂಬಳ್ಳಿ ಫೋಲ್ಡರು ತೆರೆದೆ. ಅದರಲ್ಲಿ ಇದ್ದದ್ದು ಒಂದೇ ಒಂದು ಫೋಲ್ಡರು. ಹೆಸರು ‘ಸೊಸೆ’. ನಾನೇ ಟೈಪು ಮಾಡಿದ್ದು. ಅವಳು ಒಂದು ದಿನವೂ ಕಾಲಿಡದ ಊರಿನಲ್ಲಿ ಇಷ್ಟು ವರ್ಷ ಅವಳನ್ನು ಸೊಸೆ ಮಾಡಿ ಕೂರಿಸಿದ್ದೆ. ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಪರದೆಯನ್ನು ಮರೆ ಮಾಡೋಣವೆಂದರೆ ಅವಳು ಆಗಲೇ ಓದಿಬಿಟ್ಟಿದ್ದಳು.

“ತಪ್ಪಾಯ್ತು ಕಣವ್ವ” ಅಂದೆ.

“ಮಾರ್ಕ್ಸ್ ಕಾರ್ಡ್ ಐತಾ ನೋಡಿ” ಅಂದಳು.

ಇತ್ತು. ಮೂಲೆ ಮಡಿಚಿಕೊಂಡದ್ದೂ ಕಾಣುವಂತೆ ಸ್ಪಷ್ಟವಾಗಿತ್ತು. ಅರ್ಜಿಗೆ ಕೂತೆವು. ವೆಬ್‌ಸೈಟು ನಿಧಾನ, ಒಟಿಪಿ ಎರಡು ಸಲ ಬರಲೇ ಇಲ್ಲ, ಅವಳು ಫೋನನ್ನು ಕಿಟಕಿಯ ಹತ್ತಿರ ಎತ್ತಿ ಹಿಡಿದು ನಿಂತಳು. ನಾಲ್ಕೂ ನಲವತ್ತಕ್ಕೆ ಅರ್ಜಿ ಸೇರಿತು. ಸ್ವೀಕೃತಿಯ ಪ್ರಿಂಟು ಕೈಗೆ ಕೊಟ್ಟಾಗ ಅವಳು ಅದನ್ನು ಮಡಚದೆ, ಹಾಗೇ ಎರಡೂ ಕೈಯಲ್ಲಿ ಹಿಡಿದುಕೊಂಡಳು. ಮಾರ್ಕ್ಸ್ ಕಾರ್ಡಿನ ನಂಬರು ಬರೆದುಕೊಟ್ಟು, ಡೂಪ್ಲಿಕೇಟಿಗೆ ನಾಳೆಯೇ ಓಡಾಡು ಅಂದೆ. ಕೆಲಸ ಸಿಕ್ಕುತ್ತದೋ ಇಲ್ಲವೋ ನನಗೂ ಗೊತ್ತಿರಲಿಲ್ಲ, ಅವಳಿಗೂ ಗೊತ್ತಿರಲಿಲ್ಲ.

ಕಾಗದಗಳನ್ನು ಗುಡೇಮಾರನಹಳ್ಳಿಗೆ ವಾಪಸು ತಂದೆ. ಏನೆಂದು ಗುರುತಿಡಲಿ ಅಂತ ಕೇಳಿದೆ. “ನನ್ನೆಸ್ರು ಇಲ್ವಾ?” ಅಂದಳು. ಅದನ್ನೇ ಟೈಪು ಮಾಡಿದೆ.

ಅಷ್ಟಾದರೂ ಅವಳು ಏಳಲಿಲ್ಲ. “ಆ ಕಾರ್ಡೂ ಐತಾ ಅಕ್ಕ?” ಅಂದಳು.

ನನ್ನ ಕುತೂಹಲಕ್ಕೆ ಹೊತ್ತು ಗೊತ್ತು ಇಲ್ಲ. ಯಾಕೆ ಮುರಿಯಿತು ಅಂತ ಕೇಳಬೇಕೆಂದು ನಾಲಗೆ ತುದಿಗೇ ಬಂದಿತ್ತು. ಕೇಳದೆ ಲಗ್ನಪತ್ರಿಕೆ ತೆರೆದೆ. ಅವಳು ಗಣಪತಿಯಿಂದ ಹಿಡಿದು ಸುಖಾಗಮನ ಬಯಸುವವರ ತನಕ ಒಂದೊಂದೇ ಸಾಲು ಓದಿದಳು.

“ಇದ್ನ ನಾನು ನೋಡೇ ಇರ್ಲಿಲ್ಲ. ನಮ್ಮಪ್ಪ ಬಂದು ನೋಡ್ಕಂಡೋಗಿದ್ದು. ಅಚ್ಚಿಗೆ ಕೊಡೋದ್ರೊಳಗೆ ಮುರುದೋಯ್ತು” ಅಂದಳು. ಆಮೇಲೆ, “ಇದ್ನ ತೆಗ್ದಾಕ್ಬೋದಾ? ನಾನೇ ಒತ್ಲಾ?”

ಜಾಗ ಬಿಟ್ಟುಕೊಟ್ಟೆ. ಪೂರ್ತಿ ಅಳಿಸಬೇಕಾದರೆ ಶಿಫ್ಟ್ ಹಿಡಿದುಕೊಂಡು ಡಿಲೀಟ್ ಒತ್ತಬೇಕು ಅಂತ ತೋರಿಸಿದೆ. ಎರಡು ಕೈಯಲ್ಲಿ ಎರಡು ಬೆರಳಿಟ್ಟು ಒತ್ತಿದಳು. ಪರದೆಯ ಮೇಲೆ ಒಂದು ಚಿಕ್ಕ ಚೌಕ ಬಂತು.

“ಏನಂತಕ್ಕ ಇದು?”

“ನಿಜವಾಗ್ಲೂ ಅಳಿಸ್ಬೇಕಾ ಅಂತ ನಿನ್ನ ಕೇಳ್ತಾ ಐತೆ.”

ಅವಳು ನಕ್ಕುಬಿಟ್ಟಳು. “ಈ ಮದ್ವೆ ವಿಚಾರ್ದಲ್ಲಿ ನನ್ನ ಒಂದ್ಮಾತು ಕೇಳಿದ್ದು ಇದೊಂದೇ ಕಣಕ್ಕ” ಅಂದು, ‘ಯೆಸ್’ ಒತ್ತಿದಳು.